ಕೇಸಿಂಗ್ ಪಟ್ಟಿಯ ಬೆಳಕು

ವಾಡಿ ಸ್ಟೇಷನ್ನಿನ ಎದುರಿಗಿದ್ದ ವಿಡಿಯೋ ಗೇಮಿನ ಅಂಗಡಿಯನ್ನು ಬಾಬುಮಿಯಾ ಮುಚ್ಚಿ ಬಹಳ ವರ್ಷವಾಗಿತ್ತು. ಕೊನೆಗೆ ಮಳಿಗೆಯನ್ನೂ ಬಿಟ್ಟುಕೊಡುವಾಗ, ಮೂಲೆಯ ಗೋಣಿಚೀಲದಲ್ಲಿ ಸಿಕ್ಕ ನೀಲಿ ಪ್ಲಾಸ್ಟಿಕ್ ಬಂದೂಕನ್ನು ಆತ ಭೀಮಾಶಂಕರನಿಗೆ ಕಳಿಸಿಕೊಟ್ಟ. ಪರದೆಯ ಮೇಲೆ ಹಾರುವ ಹಕ್ಕಿಗಳನ್ನು ಗುರಿಯಿಟ್ಟು ಹೊಡೆಯುವ ಆಟದ ಬಂದೂಕು ಅದು. ಶಾಲೆ ತಪ್ಪಿಸಿ, ಶಹಾಬಾದದಲ್ಲಿ ರೈಲು ಹತ್ತಿ ಭೀಮಾಶಂಕರ ಮತ್ತು ಅವನ ಗೆಳೆಯ ಆಸಿಮ ವಾಡಿಗೆ ಹೋಗುತ್ತಿದ್ದದ್ದೇ ಆ ಬಂದೂಕು ಹಿಡಿಯಲು.

ಈಗ ಇಬ್ಬರಿಗೂ ನಲವತ್ತು ದಾಟಿತ್ತು. ಆಸಿಮ ನೆಲಕ್ಕೆ ಹಾಸುವ ಪರಸಿ ಕಲ್ಲು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಭೀಮಾಶಂಕರನದು ಶಹಾಬಾದದಲ್ಲಿ ಟಿವಿ ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಬಂದೂಕು ಬಂದಿದೆ ಎಂದು ಕೇಳಿ ಆಸಿಮ ಕಲ್ಲು ತುಂಬಿದ ಟೆಂಪೋವನ್ನು ರಸ್ತೆಬದಿಗೆ ನಿಲ್ಲಿಸಿ ಓಡಿ ಬಂದ. ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಗಡಿಯ ಗೋಡೆಗೆ ಗುರಿಯಿಟ್ಟ.

“ಇದನ್ನ ಮತ್ತ ನಡೆಸಬೇಕಲೇ ಭೀಮ್ಯಾ.”

“ಇದಕ್ಕ ಹಳೇ ಟಿವಿ ಬೇಕು. ಪಿಕ್ಚರ್ ಟ್ಯೂಬಿನ ಮಿಂಚು ನೋಡಿ ಗುರಿ ಹಿಡೀತಿತ್ತು. ಈಗಿನ ಚಪ್ಪಟೆ ಟಿವ್ಯಾಗ ಆ ಮಿಂಚೇ ಇಲ್ಲ.”

“ಹಂಗಾರ ಬಿಟ್ಟುಬಿಡೂದೇನು?”

“ಬಿಡಂಗಿಲ್ಲ. ಇದಕ್ಕೊಂದು ಕಣ್ಣು ಹಾಕ್ತೀನಿ.”

ಕಣ್ಣು ಎಂದರೆ ಕಡಲೆಕಾಳಿನಷ್ಟು ದೊಡ್ಡ ಕ್ಯಾಮೆರಾ. ಅದಕ್ಕೆ ನಾವು ನೋಡುವ ಬೆಳಕು ಕಾಣುವುದಿಲ್ಲ. ಮನುಷ್ಯರ ಕಣ್ಣಿಗೆ ಸಿಗದ, ಕೆಂಪಿನ ಆಚೆಗಿನ ಬೆಳಕಷ್ಟೇ ಕಾಣುತ್ತದೆ. ಟಿವಿಯ ಮೇಲೊಂದು ಕೆಳಗೊಂದು ಪಟ್ಟಿ ಕೂಡಿಸಿ, ಆ ಪಟ್ಟಿಗಳಲ್ಲಿ ಅಂಥ ಬೆಳಕು ಕೊಡುವ ದೀಪಗಳನ್ನಿಟ್ಟರೆ, ಬಂದೂಕು ಅವುಗಳನ್ನು ನೋಡಿ ತಾನು ಪರದೆಯ ಯಾವ ಜಾಗಕ್ಕೆ ಮುಖ ಮಾಡಿದೆ ಎಂದು ಲೆಕ್ಕ ಹಾಕುತ್ತದೆ. ಭೀಮಾಶಂಕರ ಇದನ್ನು ಮೊಬೈಲಿನಲ್ಲಿ ಯಾರ್ಯಾರದೋ ವಿಡಿಯೋ ನೋಡಿ ಕಲಿತ. ಕ್ಯಾಮೆರಾ ಮತ್ತು ಅದನ್ನು ನಡೆಸುವ ಪುಟ್ಟ ಬೋರ್ಡನ್ನು ತರಿಸಿದ. ಉಳಿದದ್ದೆಲ್ಲ ಅಂಗಡಿಯಲ್ಲೇ ಇತ್ತು. ಕೆಟ್ಟು ಬಿದ್ದ ರಿಮೋಟುಗಳು ಒಂದು ಬುಟ್ಟಿ ತುಂಬ ಇದ್ದವು, ಪ್ರತಿಯೊಂದರ ಮೂತಿಯಲ್ಲೂ ಅದೇ ಬೆಳಕಿನ ಸಣ್ಣ ದೀಪ. ಅವನ್ನೆಲ್ಲ ಬಿಡಿಸಿ ತೆಗೆದ. ಮನೆಯ ವೈರಿಂಗಿಗೆ ಗೋಡೆಯ ಮೇಲೆ ಹೊಡೆಯುವ ಬಿಳಿ ಕೇಸಿಂಗ್ ಪಟ್ಟಿಯನ್ನು ಟಿವಿಯ ಅಗಲಕ್ಕೆ ಕತ್ತರಿಸಿ, ತೂತು ಕೊರೆದು, ದೀಪಗಳನ್ನು ಒಂದರ ಹಿಂದೊಂದು ಜೋಡಿಸಿ ಬೆಸುಗೆ ಹಾಕಿದ. ಟಿವಿಯ ಬೆನ್ನಿಗಿರುವ ಯುಎಸ್‌ಬಿಯಿಂದಲೇ ಕರೆಂಟು.

ಮನೆಯ ಟಿವಿಗೆ ಕೂಡಿಸಿ ಪಟ್ಟಿಗೆ ಮೊದಲ ಸಲ ಕರೆಂಟು ಕೊಟ್ಟಾಗ ಅವನ ಹೆಂಡತಿ ಜಗದೇವಿ ಹೊಲಿಗೆ ಮಷೀನು ಬಿಟ್ಟು ನೋಡಲು ಬಂದಳು.

“ದೀಪ ಹತ್ತೇ ಇಲ್ಲಲ್ರಿ.”

“ಹತ್ತ್ಯಾವ. ಮೊಬೈಲ್ ಹಿಡಿ.”

ಅವಳು ತನ್ನ ಮೊಬೈಲಿನ ಕ್ಯಾಮೆರಾ ತೆರೆದು ಪಟ್ಟಿಯ ಕಡೆ ಹಿಡಿದಳು. ಪರದೆಯಲ್ಲಿ ದೀಪಗಳ ಸಾಲು ನೇರಳೆ ಬಣ್ಣದಲ್ಲಿ ಉರಿಯುತ್ತಿತ್ತು. ಮೊಬೈಲು ಸರಿಸಿ ಬರಿಗಣ್ಣಿನಿಂದ ನೋಡಿದಳು. ಏನೂ ಇಲ್ಲ, ಬಿಳಿ ಪಟ್ಟಿ. ಮತ್ತೆ ಮೊಬೈಲು ಹಿಡಿದಳು, ಉರಿಯುತ್ತಿದೆ. ಹೀಗೆ ಎಷ್ಟೋ ಹೊತ್ತು ಮಾಡಿದಳು. ಆಮೇಲೆ ಮೊಬೈಲನ್ನು ಮನೆಯ ಮೂಲೆಮೂಲೆಗೂ ತಿರುಗಿಸುತ್ತ, “ಇನ್ನೂ ಏನೇನ್ ಅದನೋ ನಮಗ ಕಾಣಲಾರದ್ದು” ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಪಡುವಣ ಬಾಗಿಲ ಬಳಿ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದ ಸಾಬಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಕೆ ಭೀಮಾಶಂಕರನ ತಾಯಿ. ಹರೆಯದಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವಳು. ಈ ಮನೆಯ ನೆಲಕ್ಕೆ ಹಾಸಿದ ಪರಸಿಯೆಲ್ಲ ಆಕೆಯೇ ನಿಂತು ಮುಖ ಕಾಣುವಂತೆ ಪಾಲಿಶ್ ಮಾಡಿಸಿದ್ದು. ಕೆಲವು ವರ್ಷಗಳ ಹಿಂದೆ ದೃಷ್ಟಿ ಅಂಚಿನಿಂದ ಕಪ್ಪಾಗುತ್ತ ಬಂತು. ಕಲಬುರಗಿಯ ಡಾಕ್ಟರು ಕಣ್ಣಿನ ನರ ಒಣಗಿದೆ ಎಂದರು. ಈಗ ಹಗಲು ಯಾವುದು ರಾತ್ರಿ ಯಾವುದು ಎಂಬುದೂ ಆಕೆಯ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅದರ ಬಗ್ಗೆ ಮಾತಾಡುವುದು ಆಕೆಗೆ ಸೇರುತ್ತಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಭಾನುವಾರ ಮಧ್ಯಾಹ್ನ ಆಸಿಮ ಬಂದ. ಕಂಪ್ಯೂಟರಿನಿಂದ ಟಿವಿಗೆ ಹಾಕಿದ ಅದೇ ಹಕ್ಕಿಯ ಆಟ ಶುರುವಾಯಿತು. ಆದರೆ ಪರದೆಯ ಮೇಲಿನ ಗುರಿಗುರುತು ಒಂದು ಕಡೆ ನಿಲ್ಲಲೇ ಇಲ್ಲ. ಬಂದೂಕು ಮೇಲಕ್ಕೆ ಹಿಡಿದರೆ ಸರಿ; ಸ್ವಲ್ಪ ತಗ್ಗಿಸಿದರೆ ಹುಚ್ಚು ಹಿಡಿದಂತೆ ಅತ್ತಿತ್ತ ಜಿಗಿಯುತ್ತಿತ್ತು. ಭೀಮಾಶಂಕರ ಬೆಸುಗೆಗಳನ್ನೆಲ್ಲ ಮತ್ತೆ ನೋಡಿದ. ಎಲ್ಲ ಗಟ್ಟಿ ಇದ್ದವು. ಕೊನೆಗೆ ಜಗದೇವಿಯೇ ಮೊಬೈಲು ಹಿಡಿದು ಬಂದಳು, ನೆಲದ ಕಡೆ ತೋರಿಸಿದಳು. ಪಾಲಿಶ್ ಮಾಡಿದ ಪರಸಿಯೊಳಗೆ ಇನ್ನೊಂದು ಪಟ್ಟಿ ನೇರಳೆಯಾಗಿ ಉರಿಯುತ್ತಿತ್ತು, ಬಾವಿಯ ನೀರಲ್ಲಿ ಬಿದ್ದ ಚಿಕ್ಕೆಗಳ ಹಾಗೆ. ಬಂದೂಕು ಎರಡನ್ನೂ ನಿಜವೆಂದು ನಂಬಿ ಗೊಂದಲಕ್ಕೆ ಬಿದ್ದಿತ್ತು.

ಮೂವರೂ ನೆಲ ನೋಡುತ್ತ ನಿಂತುಬಿಟ್ಟರು. ದಿನಾ ಒರೆಸುವ ನೆಲ. ಆಸಿಮ ಬಗ್ಗಿ ಆ ಜಾಗದ ಮೇಲೆ ಅಂಗೈ ಇಟ್ಟ. ಮೊಬೈಲಿನಲ್ಲಿ ಅವನ ಕೈಯ ಮೇಲೆ ಮಸುಕಾದ ಬೆಳಕು ಹರಡಿತು. ಕೈಗೆ ಮಾತ್ರ ತಣ್ಣನೆಯ ಕಲ್ಲು.

ಜಮಖಾನೆ ಹಾಸಿದರು. ಜಿಗಿತ ನಿಂತಿತು. ಆಸಿಮ ಮೊದಲ ಹಕ್ಕಿ ಕೆಡವಿದ, ಎರಡನೆಯದನ್ನೂ ಕೆಡವಿದ. ವಾಡಿಯಲ್ಲಿ ಹೇಗೆ ಮೊಣಕೈ ಪಕ್ಕೆಗೆ ಒತ್ತಿ ನಿಲ್ಲುತ್ತಿದ್ದನೋ ಹಾಗೆಯೇ ನಿಂತಿದ್ದ. ಇಬ್ಬರೂ ನಗುವುದನ್ನು ಕೇಳಿ ಸಾಬಮ್ಮ, “ನಲವತ್ತರ ಕತ್ತೆಗೋಳು” ಎಂದು ಗೊಣಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗುರಿ ಮತ್ತೆ ಕೆಟ್ಟಿತು. ಈ ಸಲ ಜಮಖಾನೆ ಇದ್ದೂ. ಭೀಮಾಶಂಕರ ಬೇಸತ್ತು ಬಂದೂಕು ಕೆಳಗಿಟ್ಟ.

“ಈಗ ಏನಾಯ್ತೋ ಇದಕ್ಕ. ಈಟೊತ್ತನ ಚಂದ ನಡೆದಿತ್ತು.”

“ಬಿಸಲು ಬಂತಲ್ಲೋ” ಎಂದಳು ಸಾಬಮ್ಮ.

“ಬಿಸಲು ಎಲ್ಲಿಗಿ ಬಂತವ್ವ?”

“ಮನಿ ಒಳಗ. ನನ್ನ ಕಾಲ ಮ್ಯಾಲಿಂದ ದಾಟಿ ಹೋಗ್ಯದ ನೋಡು.”

ಭೀಮಾಶಂಕರ ತಿರುಗಿ ನೋಡಿದ. ಪಡುವಣ ಬಾಗಿಲಿನಿಂದ ಒಳಬಂದ ಬಿಸಿಲು ತಾಯಿಯ ಪಾದದ ಮೇಲೆ ಹಾದು, ಗೋಡೆಗೆ ನಿಲ್ಲಿಸಿದ್ದ, ಹಿಟ್ಟು ನಾದುವ ಸ್ಟೀಲಿನ ಪರಾತಕ್ಕೆ ಬಡಿದು, ನೇರವಾಗಿ ಟಿವಿಯ ಮೇಲೆ ಬೀಳುತ್ತಿತ್ತು. ಸೂರ್ಯನಲ್ಲೂ ಅದೇ ಬೆಳಕಿದೆ, ಪಟ್ಟಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಅವನು ಅದನ್ನು ತಾಯಿಗೆ ವಿವರಿಸಿ ಹೇಳಿದ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು.

“ಆ ಪಟ್ಟಿ ಬೆಳಕು ನಿನಗ ಕಾಣ್ತದೇನು?”

“ಇಲ್ಲವ್ವ. ಯಾರಿಗೂ ಕಾಣಂಗಿಲ್ಲ.”

“ಜಗದೇವಿಗಿ?”

“ಆಕಿಗೂ ಇಲ್ಲ.”

“ಹಂಗಾರ ಆ ಬೆಳಕಿನ ಮುಂದ ನೀವೂ ನಾನೂ ಒಂದೇ.”

ಕಣ್ಣು ಹೋದ ಮೇಲೆ ಆಕೆ ಕಣ್ಣಿನ ಮಾತು ತಾನಾಗಿ ಎತ್ತಿದ್ದು ಅದೇ ಮೊದಲು. ಆಕೆ ಕೈ ಚಾಚಿ, “ತಾ ಇಲ್ಲಿ ಆ ಬಂದೂಕ” ಎಂದಳು. ಮೂತಿಯನ್ನು, ಅದರ ತುದಿಯ ಗಾಜನ್ನು ಬೆರಳಿನಿಂದ ಸವರಿದಳು. “ಇದಕ್ಕ ಕಾಣ್ತದ ಅಂದ್ರ, ಇದು ಹೇಳಬೇಕಲ್ಲ ಮತ್ತ” ಎಂದು ವಾಪಸು ಕೊಟ್ಟಳು.

ಆ ಮಾತು ಜಗದೇವಿಯ ತಲೆಯಲ್ಲಿ ಉಳಿಯಿತು. ಮರುದಿನ ಅಂಗಡಿಗೆ ಚಹಾ ತಂದವಳು ಗಂಡನನ್ನು ಕೇಳಿದಳು:

“ಫೋನ್ ಬಂದಾಗ ಮೊಬೈಲ್ ನಡುಗ್ತದಲ್ರಿ, ಹಂಗ ಆ ಬಂದೂಕ ನಡುಗಿಸಾಕ ಬರ್ತದೇನು? ಬೆಳಕು ಕಂಡಾಗ ಅಷ್ಟೇ.”

ಭೀಮಾಶಂಕರ ಚಹಾ ಕುಡಿಯುವುದನ್ನು ಮರೆತು ಅವಳ ಮುಖ ನೋಡಿದ.

ಕೆಟ್ಟ ಮೊಬೈಲೊಂದರಿಂದ ನಡುಗುವ ಮೋಟರನ್ನು ತೆಗೆದು ಬಂದೂಕಿನ ಹಿಡಿಯೊಳಗೆ ಕೂಡಿಸಿದ. ಬೋರ್ಡಿಗೆ ಬರೆಯಬೇಕಾದ ಹೊಸ ಆದೇಶ ಸುಲಭಕ್ಕೆ ಹೊಂದಲಿಲ್ಲ. ಒಮ್ಮೆ ಸುಮ್ಮಸುಮ್ಮನೆ ನಡುಗಿತು, ಒಮ್ಮೆ ನಡುಗಲೇ ಇಲ್ಲ. ಗಿರಾಕಿಗಳ ಟಿವಿಗಳು ಮೂಲೆಯಲ್ಲಿ ಕಾದವು. ಕೊನೆಗೆ ಬೆಳಕಿನ ಚುಕ್ಕೆ ಕಂಡರೆ ನಡುಗುವ, ಚುಕ್ಕೆ ದೊಡ್ಡದಾದಷ್ಟೂ ಜೋರಾಗಿ ನಡುಗುವ ಹದಕ್ಕೆ ಬಂತು. ಟಿವಿಯ ಹಂಗೂ ಬೇಡವೆಂದು ಬಂದೂಕನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದ.

ಸಾಬಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗ ಬಂದೂಕನ್ನು ಆಕೆಯ ಕೈಗೆ ಕೊಟ್ಟು, ಏನನ್ನೂ ಹೇಳದೆ ದೂರ ನಿಂತ. ಆಕೆ ಅದನ್ನು ನೀರಿನ ಕೊಡ ಹಿಡಿದಷ್ಟು ಜೋಪಾನವಾಗಿ ಹಿಡಿದು ನಿಧಾನಕ್ಕೆ ಬಲಕ್ಕೆ ತಿರುಗಿಸಿದಳು. ಏನೂ ಇಲ್ಲ. ಇನ್ನಷ್ಟು ತಿರುಗಿಸಿದಳು. ಮೂತಿ ಟಿವಿಯ ಪಟ್ಟಿಯ ನೇರಕ್ಕೆ ಬಂದದ್ದೇ ಹಿಡಿ ಗುಂಯ್ ಎಂದಿತು. ಸಾಬಮ್ಮನ ಕೈ ನಿಂತಿತು. ಸ್ವಲ್ಪ ದಾಟಿಸಿದಳು, ಸದ್ದು ಹೋಯಿತು. ಹಿಂದಕ್ಕೆ ತಂದಳು, ಮತ್ತೆ ಬಂತು.

“ಇದು ಬೆಳಕೇನು?”

“ಹೌದವ್ವ. ಬೆಳಕು.”

ಆಕೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ಬಂದೂಕನ್ನು ಸರಿಸುತ್ತ ಹೋದಳು, ಗೋಡೆಯ ಉದ್ದವನ್ನು ಕೈಯಿಂದ ಅಳೆಯುವವರಂತೆ. ಆಮೇಲೆ ಎದ್ದಳು. ಜಗದೇವಿ ರಟ್ಟೆ ಹಿಡಿಯಲು ಬಂದರೆ, “ಬಿಡವಾ, ನಾ ನೋಡ್ತೀನಿ” ಎಂದಳು. ನೋಡ್ತೀನಿ ಎಂದ ಆ ಮಾತು ಅವಳ ಬಾಯಲ್ಲಿ ಎಷ್ಟು ಸಹಜವಾಗಿ ಬಂತೆಂದರೆ, ಜಗದೇವಿ ಹಿಡಿಯಲು ಹೋದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಬಿಟ್ಟು ನಿಂತಳು.

ಟ್ಯೂಬ್‌ಲೈಟಿನ ಜಾಗದಲ್ಲಿ ಹಾಕಿದ್ದ ಹೊಸ ಎಲ್‌ಇಡಿ ಪಟ್ಟಿಗೆ ಬಂದೂಕು ಮಿಸುಕಲಿಲ್ಲ. ಕಣ್ಣು ಕೋರೈಸುವಷ್ಟು ಬೆಳ್ಳಗೆ ಉರಿಯುತ್ತಿದ್ದ ಅದರಲ್ಲಿ ಈ ಬೆಳಕಿರಲಿಲ್ಲ. ಆದರೆ ದೇವರ ಜಗಲಿಯ ಮುಂದೆ ಬಂದಾಗ, ಲಿಂಗಪೂಜೆಗೆ ಹಚ್ಚಿದ ಒಂದೇ ಬತ್ತಿಯ ಎಣ್ಣೆದೀಪಕ್ಕೆ ಹಿಡಿ ಸಣ್ಣಗೆ ನಡುಗಿತು. ಗಾಳಿಗೆ ಜ್ಯೋತಿ ಅಳ್ಳಾಡಿದಂತೆ ನಡುಕವೂ ಅಳ್ಳಾಡಿತು. ಸಾಬಮ್ಮ ಅಲ್ಲಿ ಬಹಳ ಹೊತ್ತು ನಿಂತಳು. ಅವಳೇ ಹೊಸೆದ ಬತ್ತಿ ಅದು. ಅಡಿಗೆಮನೆಯ ಒಲೆಯಲ್ಲಿ ರೊಟ್ಟಿ ಬೇಯಿಸಿದ ಕೆಂಡ ಇನ್ನೂ ಇತ್ತು, ಅದನ್ನೂ ಕಂಡುಹಿಡಿದಳು. ಆಮೇಲೆ ಬಂದೂಕನ್ನು ಮಗನ ದನಿ ಬಂದ ಕಡೆಗೆ ತಿರುಗಿಸಿದಳು. ಅದು ಸುಮ್ಮನಿತ್ತು.

“ನೀ ಬರವಲ್ಲಿ ಇದರಾಗ.”

“ಮನಷ್ಯಾರು ಬರಂಗಿಲ್ಲವ್ವ. ನಮ್ಮ ಮೈ ಬಿಸಿ ಇದಕ್ಕ ಸಾಲಂಗಿಲ್ಲ. ಬೆಂಕಿ ಬೇಕು, ಇಲ್ಲಾಂದ್ರ ಸೂರ್ಯ.”

“ಹೋಗಲಿ. ನಿನ್ನ ದನಿ ಅದ, ಸಾಕು” ಎಂದಳು, ಮತ್ತೆ ದೀಪದ ಕಡೆ ತಿರುಗಿದಳು.

ಆ ಚಳಿಗಾಲದಲ್ಲಿ ಜಗದೇವಿಯ ತಮ್ಮನ ಮಗುವಿಗೆ ತೊಟ್ಟಿಲು ಶಾಸ್ತ್ರವೆಂದು ಎಲ್ಲರೂ ಚಿಂಚೋಳಿಗೆ ಹೋದರು. ಆಸಿಮ ತನ್ನ ಅಣ್ಣನ ಜೀಪು ತಂದಿದ್ದ. ಊಟ ಮುಗಿಸಿ ಹೊರಡುವಾಗ ಸಾಬಮ್ಮ ಚಂದ್ರಂಪಳ್ಳಿ ಕೆರೆ ಎಷ್ಟು ದೂರವೆಂದು ಕೇಳಿದಳು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಒಮ್ಮೆ ಬಂದಿದ್ದಳಂತೆ. ಜೀಪು ಆ ಕಡೆ ತಿರುಗಿತು.

ಅವರು ಒಡ್ಡಿನ ಮೇಲೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ಸುತ್ತಲೂ ಕಾಡು, ಗುಡ್ಡ, ನಡುವೆ ತುಂಬಿ ನಿಂತ ನೀರು. ಆಸಿಮ ಆಕೆಯನ್ನು ಕಲ್ಲಿನ ಕಟ್ಟೆಯ ಮೇಲೆ ಕೂಡಿಸಿದ. ಭೀಮಾಶಂಕರ ಚೀಲದಿಂದ ಬಂದೂಕು ತೆಗೆದು ಕೊಟ್ಟ. ಅದನ್ನು ತಂದದ್ದೇಕೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಸಾಬಮ್ಮ ಮೊದಲು ಆಕಾಶದ ಕಡೆ ಹಿಡಿದಳು. ಸೂರ್ಯ ಸಿಕ್ಕಿದ, ಹಿಡಿ ಬಿಡುವಿಲ್ಲದೆ ಜೋರಾಗಿ ನಡುಗಿತು. ಆಕೆ ತಲೆಯಾಡಿಸಿ ನಿಧಾನಕ್ಕೆ ಮೂತಿ ಕೆಳಗಿಳಿಸಿದಳು. ಗುಡ್ಡದ ಕಪ್ಪಿನಲ್ಲಿ ನಡುಕ ನಿಂತಿತು. ಇನ್ನೂ ಕೆಳಗೆ, ಬಿಸಿಲು ಬಿದ್ದ ನೀರಿನ ಮೇಲೆ ಬಂದಾಗ ಅದು ಬೇರೆಯೇ ರೀತಿ ಶುರುವಾಯಿತು. ತುಣುಕು ತುಣುಕಾಗಿ, ಒಮ್ಮೆ ಒತ್ತೊತ್ತಾಗಿ, ಒಮ್ಮೆ ಬಿಡಿಬಿಡಿಯಾಗಿ, ನಡುವೆ ತುಸು ಸುಮ್ಮನಿದ್ದು ಮತ್ತೆ ಒಮ್ಮೆಲೆ ಸುರಿದಂತೆ.

ಸಾಬಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಎರಡೂ ಕೈ ಹಿಡಿಯ ಮೇಲಿದ್ದವು.

“ತೆರಿ” ಎಂದಳು. “ಸಣ್ಣಸಣ್ಣ ತೆರಿ. ಗಾಳಿ ಈ ಕಡಿಂದ ಆ ಕಡಿಗಿ ಹೊಂಟದ.”

ಭೀಮಾಶಂಕರ ನೀರಿನ ಕಡೆ ನೋಡಿದ. ಗಾಳಿಯ ಒಂದು ಅಲೆ ಎಡದ ದಡದಿಂದ ಬಲಕ್ಕೆ ನೀರನ್ನು ಕದಡುತ್ತ, ಬಿಸಿಲನ್ನು ಸಾವಿರ ಚೂರು ಮಾಡುತ್ತ ಸಾಗುತ್ತಿತ್ತು. ತಾಯಿಯ ಕೈಯೂ ಅದರ ಜೊತೆಗೇ, ಅದೇ ವೇಗದಲ್ಲಿ, ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಜಗದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಸಿಮ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ಕೂತ.

“ಅತ್ತಿ, ಕೈ ನೋಯ್ತಾವೇನ್ರಿ?” ಎಂದಳು ಜಗದೇವಿ, ಎಷ್ಟೋ ಹೊತ್ತಾದ ಮೇಲೆ.

“ಇಲ್ಲವಾ. ಕುಂದರ್ರಿ ನೀವೂ. ಇನ್ನೂ ಭಾಳ ಅದ ಇಲ್ಲಿ.”

ಅವರು ಕೂತರು. ಸೂರ್ಯ ಗುಡ್ಡದ ಹಿಂದೆ ಇಳಿಯುವವರೆಗೂ ಸಾಬಮ್ಮ ನೀರನ್ನು ನೋಡಿದಳು.