ಕೈ ಎತ್ತಿದರೆ ನಿಲ್ಲುತ್ತಿದ್ದ ರೈಲು

ತೊಂಬತ್ತೈದರಲ್ಲಿ ಪೆನುಕೊಂಡೆ–ಹಿಂದೂಪುರದ ಹಳಿ ಮೇಲೆ ಒಂದು ವಿಚಿತ್ರ ಬಂತು. ಮೂತಿ ಬಸ್ಸಿಂದು, ಗಾಲಿ ರೈಲಿಂದು. ಜನ ರೈಲುಬಸ್ಸು ಅಂದರು. ಬಸ್ಸು ಅಂದಮೇಲೆ ಕೈ ಎತ್ತಿದರೆ ನಿಲ್ಲಬೇಕಲ್ಲ? ಡ್ರೈವರ್ ಶ್ರೀರಾಮಪ್ಪ ಮೆತ್ತನೆ ಮನುಷ್ಯ, ನಿಲ್ಲಿಸುತ್ತಿದ್ದ. ಸ್ಟೇಷನ್ನೇ ಇಲ್ಲದ ಬಯಲಲ್ಲಿ ಹತ್ತಿದವರಿಗೆ ಟಿಕೆಟ್ ಕೊಡೋರ್ಯಾರು? ಯಾರೂ ಕೇಳಲಿಲ್ಲ, ಯಾರೂ ಕೊಳ್ಳಲಿಲ್ಲ.

ಹಳಿ ಪಕ್ಕದ ಅಂಥದೊಂದು ಊರಿನ ಪೋತಪ್ಪನ ಹೆಂಡತಿ ಮುತ್ಯಾಲಮ್ಮ ಹಿಂದೂಪುರದಲ್ಲಿ ರೇಷ್ಮೆ ನೂಲು ತೆಗೆಯೋ ಕೆಲಸಕ್ಕೆ ಸೇರಿದ್ದೇ ಈ ರೈಲುಬಸ್ಸಿನ ದೆಸೆಯಿಂದ. ಮುಂಚೆ ಇದ್ದದ್ದು ಲಾರಿಯೊಂದೇ; ಸೊಸೆ ಅದನ್ನ ಹತ್ತೋದು ಪೋತಪ್ಪನ ಅವ್ವ ತಿಪ್ಪಕ್ಕನಿಗೆ ಸುತರಾಂ ಆಗದು. ರೈಲಾದರೆ ಸರಿ.

ಅಷ್ಟರಲ್ಲೇ ಸುದ್ದಿ ಬಂತು: ಟಿಕೆಟ್ಟೇ ಹೋಗ್ತಿಲ್ಲ, ಜನವೇ ಇಲ್ಲ ಅಂತ ನಿಲ್ಲಿಸ್ತಾರಂತೆ, ಸೋಮವಾರ ರೈಲ್ವೆ ಸಾಹೇಬರು ಖುದ್ದು ಬಂದು ನೋಡ್ತಾರಂತೆ.

ಪೋತಪ್ಪನಿಗೆ ಮೈಯೆಲ್ಲ ಉರಿ ಎದ್ದಿತು. "ಜನ ಇಲ್ವಂತೆ! ಅವರ ಕಣ್ಣು ಹಿಂಗೋಗ! ಸೋಮವಾರ ಒಬ್ರೂ ತಪ್ಪಬೇಡ್ರಪ್ಪ, ತುಂಬಿ ತುಳುಕ್ಬೇಕು!"

"ಬತ್ತೀವಿ ಕಣ್ಲಾ, ಗಂಟ್ಲು ಹರ್ಕೋಬೇಡ," ಅಂದ ಹಾಲು ಮಾರೋ ಪೆದ್ದಣ್ಣ.

ಸಾಹೇಬನ ಮುಖ ಇಂಗು ತಿಂದ ಮಂಗನಂಗಾಗೋದನ್ನ ಕಣ್ಣಾರೆ ನೋಡಬೇಕಂತ ಪೋತಪ್ಪ ಹಿಂದಿನ ಸ್ಟೇಷನ್ನಿಗೆ ನಡೆದು, ಟಿಕೆಟ್ ಕೊಂಡು ಹತ್ತಿದ. ಸಾಹೇಬ ಮುಂದೆಯೇ ಕೂತಿದ್ದ. ಪಕ್ಕದಲ್ಲಿ ಕರೀ ಕೋಟಿನ ಟಿಕೆಟ್ ಚೆಕಿಂಗಿನವನು.

ಊರ ಬಯಲು ಬಂತು. ಹಾಲಿನ ಕ್ಯಾನು, ಸೊಪ್ಪಿನ ಗಂಟು, ಎತ್ತಿದ ಕೈಗಳು. ಪೋತಪ್ಪನ ಎದೆಯುಬ್ಬಿತು.

"ಒರೇ, ನಲ್ಲ ಕೋಟು ರಾ!" ಕೂಗಿದವನು ಪೆದ್ದಣ್ಣನೇ. ಕರೀ ಕೋಟು ಅವನ ಕಣ್ಣಿಗೆ ಬಿದ್ದಿತ್ತು.

ಕೈಗಳೆಲ್ಲ ಇಳಿದವು. ಜನ ಜಾಲಿ ಪೊದೆ ಹಿಂದೆ ಬಿದ್ದೋಡಿದರು; ಮುತ್ಯಾಲಮ್ಮನೂ.

"ಹತ್ರೋ! ಏನೂ ಮಾಡಾಕಿಲ್ಲ, ಹತ್ರೋ!" ಪೋತಪ್ಪ ಬಾಗಿಲಲ್ಲಿ ಜೋತುಬಿದ್ದು ಅರಚಿದ. ಶ್ರೀರಾಮಪ್ಪ ಗಾಡಿ ನಿಲ್ಲಿಸಿ ಹಾರನ್ ಬಾರಿಸಿದ. ಒಂದು ಕ್ಯಾನು ಮಾತ್ರ ಹಳಿ ಪಕ್ಕ ನಿಂತಿತ್ತು.

"ಇಲ್ಯಾಕಪ್ಪ ನಿಲ್ಲಿಸ್ದೆ? ನರಪಿಳ್ಳೆ ಇಲ್ಲ," ಅಂದ ಸಾಹೇಬ.

"ಪೊದೆ ಹಿಂದೆ ನೋಡಿ ಸಾರ್! ನನ್ ಹೆಂಡ್ತಿನೂ ಅಲ್ಲೇ ಕುಂತವಳೆ!"

ಸಾಹೇಬ ನಕ್ಕ. ಬೆಳಗ್ಗೆಯೇ ಕುಡಿದವನೆಂದುಕೊಂಡಿರಬೇಕು.

ಅವತ್ತು ಸಂಜೆ ಪೋತಪ್ಪ ಹೆಂಡತಿ ಮೇಲೆ ಹಾರಾಡಿದ. "ನೀನಾದ್ರೂ ಹತ್ತಬಾರ್ದಿತ್ತೇನೆ?"

"ಬೆಳಗಾಗೆದ್ದು ಊರೆಲ್ಲ ಅರಚ್ಕೊಂಡು ತಿರುಗ್ದೆ. ನೀನು ಟಿಕೆಟ್ ಕೊಂಡೆ. ನಮಗೆ ಕೊಳ್ರಿ ಅಂತ ಒಂದ್ ಮಾತು ಹೇಳಿದ್ಯಾ?"

ಹೇಳಿರಲಿಲ್ಲ. ಸಿಟ್ಟಿನಲ್ಲಿ ಅದೊಂದು ಹೊಳೆದಿರಲೇ ಇಲ್ಲ.

ತಿಂಗಳೊಳಗೆ ರೈಲುಬಸ್ಸು ನಿಂತುಹೋಯಿತು. "ಲಾರೀಲಿ ಹೋಗ್ಲಿ ಕಣವ್ವ," ಅಂತ ಪೋತಪ್ಪ ಅವ್ವನನ್ನ ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಕೇಳಿದ. ತಿಪ್ಪಕ್ಕ ತಲೆ ಎತ್ತಲಿಲ್ಲ. "ಆಗಾಕಿಲ್ಲ."

ಮುತ್ಯಾಲಮ್ಮ ಕೆಲಸಕ್ಕೆಂದು ಮಡಿಸಿಟ್ಟಿದ್ದ ಸೀರೆಯನ್ನೇ ಉಟ್ಟುಕೊಂಡು ಸಗಣಿ ಬಾಚೋಕೆ ಹೋದಳು.