ಬಾಸಿಮನ ಅಣ್ಣ

"ತಗೋ, ಎರಡು ತಗೋ! ಗ್ರೀನ್ ಕಾರ್ಡ್ ಬಂತು!" ನಿಹಾರಿಕಾ ಡಬ್ಬಿ ಚಾಚಿದಳು.

ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಪ್ಲೇನೋ ಊರಿನ ಫ್ರೀವೇಯಲ್ಲಿ, ಕಾರಿನೊಳಗೆ ಒಬ್ಬಳೇ ಕಿರುಚಿ ಹಾಡಿದ್ದಳು. ಆಫೀಸಿನ ಲಿಫ್ಟಿನಲ್ಲಿ ಗುರುತಿಲ್ಲದವನಿಗೂ ಮೈಸೂರುಪಾಕ್ ಕೊಟ್ಟಿದ್ದಳು.

ಪಕ್ಕದ ಮೇಜಿನ ಬಾಸಿಮ್ ಗಾಜಾದವನು. ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಜಗಿದು ನುಂಗಿದ.

"ತುಂಬಾ ಸಂತೋಷ," ಅಂದ. "ಇವತ್ತು ನಮ್ಮಣ್ಣನನ್ನು ಕೊಂದರು."

ಅವಳ ಮುಖದ ಮೇಲೆ ಆಗಲೇ ಇದ್ದ ನಗು ಇಳಿಯಲೊಲ್ಲದು.

ಗಾಜಾದಲ್ಲಿ ವಾಯುದಾಳಿ, ಕಮಾಂಡರ್ ಹತ. ಆ ಸುದ್ದಿಯನ್ನು ಅವಳೂ ಫೋನಿನಲ್ಲಿ ನೋಡಿದ್ದಳು. ಗಡ್ಡದ ಮುಖವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ತನಗೆ ಬಂದ ಅಭಿನಂದನೆಗಳನ್ನು ಓದಿದ್ದಳು.

"ಅವನಾ?"

"ಅವನೇ. ನನಗೆ ಹೆಸರಿಟ್ಟವನು. ಬಾಸಿಮ್ ಅಂದರೆ ನಗುವವನು. ಹೆಗಲ ಮೇಲೆ ಕೂರಿಸಿಕೊಂಡು ಮೀನು ಮಾರ್ಕೆಟ್ಟಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ. ಮೀಸೆ ಮೂಡುವ ಮೊದಲೇ ಜೈಲಿಗೆ ಹೋದ. ಹೊರಗೆ ಬಂದವನು ಬೇರೆ ಯಾರೋ. ಒಂದು ಬಸ್ಸು ಸಿಡಿಸಿದ. ಮಕ್ಕಳಿದ್ದರು ಅದರಲ್ಲಿ. ಆಮೇಲೆ ನಾನು ಅವನ ಜೊತೆ ಮಾತು ಬಿಟ್ಟೆ."

"ಅಯ್ಯೋ."

"ಹೇಗೆ ಅಳಬೇಕೋ ಗೊತ್ತಾಗ್ತಿಲ್ಲ. ಸಂಜೆ ಮನೆಗೆ ಬರ್ತೀಯಾ? ಸುಮ್ಮನೆ ಕೂರೋಕೆ. ಸಾವಿನ ಮನೆಯಲ್ಲಿ ಜನ ಕೂರಬೇಕು."

"ಖಂಡಿತ!" ಅಂದಳು. ಪಾರ್ಟಿಗೆ ಕರೆದವರಿಗೆ ಹೇಳುವ ಹಾಗೆ.

ಪಾರ್ಕಿಂಗಿನಿಂದ ಗಂಡ ಪ್ರತಾಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ತಲೆ ಕೆಟ್ಟಿದ್ಯಾ? ಕಾರ್ಡ್ ಇನ್ನೂ ಕವರಿಂದ ಆಚೆ ಬಂದಿಲ್ಲ. ಆ ಮನೆ ಮುಂದೆ ಯಾವ ಪೊಲೀಸರು ನಂಬರ್ ಪ್ಲೇಟ್ ಬರ್ಕೊಳ್ತಿರ್ತಾರೋ!"

"ಬಾಸಿಮ್ ಏನು ಮಾಡಿದಾನೆ ಕಣೋ?"

"ಏನೂ ಇಲ್ಲ, ಪಾಪ. ಬರ್ತಾ ಕೇಕ್ ತಗೊಂಡು ಬಾ, ಎಲ್ಲರನ್ನೂ ಕರೆದಿದೀನಿ."

ಅವಳು ಕಿಲಕಿಲನೆ ನಕ್ಕಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಸಂಜೆ, ಕೇಕು ಹಿಂದಿನ ಸೀಟಿನಲ್ಲಿರುವಾಗಲೇ, ಕಾರನ್ನು ಬಾಸಿಮನ ಊರು ರಿಚರ್ಡ್‌ಸನ್ ಕಡೆ ತಿರುಗಿಸಿದ್ದಳು. ಅವನ ಮನೆಯ ಮುಂದೆ ಹುಲ್ಲಿನ ಮೇಲೆ ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಯಾರೂ ಬಂದಿರಲಿಲ್ಲ. ಕೊನೆಯ ಕುರ್ಚಿಯಲ್ಲಿ ಅವನೊಬ್ಬನೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಫಿಯ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅವಳು ಇಂಜಿನ್ ಆರಿಸಲಿಲ್ಲ. ಬ್ರೇಕಿನ ಮೇಲೆ ಕಾಲೊತ್ತಿ ಕೂತಳು. ಅವನು ನೋಡಿದ, ಕೈಯೆತ್ತಿದ. ಅವಳೂ ಎತ್ತಿದಳು. ಇಳಿಯಬೇಕು ಅಂದುಕೊಂಡಳು. ಎದೆಯೊಳಗಿಂದ ನಗು ಮತ್ತೆ ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಹುಲ್ಲಿನೊಳಗಿನ ಸ್ಪ್ರಿಂಕ್ಲರುಗಳು ತಾವಾಗಿ ತೆರೆದುಕೊಂಡವು. ನೀರು ಗಿರ್ರನೆ ಸುತ್ತುತ್ತ ಖಾಲಿ ಕುರ್ಚಿಗಳನ್ನು ಒಂದೊಂದಾಗಿ ತೋಯಿಸುತ್ತ ಹೋಯಿತು. ಕೊನೆಯದನ್ನೂ ತೋಯಿಸಿತು. ಅವನು ಏಳಲಿಲ್ಲ.