ಬಲ್ಲ ಗಣ್ಯರಿಬ್ಬರು

೧೯೬೧ರಲ್ಲಿ ನಾನು ದುರ್ಗಿಗುಡಿಯ ವಿದ್ಯಾನಿಧಿಯಲ್ಲಿ ಗುಮಾಸ್ತ. ಪೇಟೆಯ ವರ್ತಕರೂ ತೋಟದ ಸಾಹುಕಾರರೂ ಸೇರಿ ಕಟ್ಟಿದ ನಿಧಿ ಅದು. ವರ್ಷಕ್ಕೆ ಒಬ್ಬರಿಗೆ, ಯಾವ ಜಾತಿಯವರಾದರೂ ಸರಿ, ಡಾಕ್ಟರ್ ಓದಿನ ಪೂರ್ತಿ ಖರ್ಚು ಕೊಡುತ್ತಿದ್ದರು. ಷಡಕ್ಷರಪ್ಪನವರು ಅಧ್ಯಕ್ಷರು. ಅವರ ತಂದೆಯ ಮಾತಿನಿಂದ ನನಗೆ ಹಾಸ್ಟೆಲ್ ಸಿಕ್ಕಿತ್ತು, ಅವರ ಮಾತಿನಿಂದ ಈ ಕೆಲಸ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ಆ ನಾರು ನಾನೇ.

ಅರ್ಜಿಯಲ್ಲಿ ಒಂದು ಕಲಂ ಇತ್ತು: 'ಅರ್ಜಿದಾರರನ್ನು ಬಲ್ಲ ಇಬ್ಬರು ಗಣ್ಯರು.' ಅಲ್ಲಿ ಕಮಿಟಿಯವರದೇ ಹೆಸರು ಬರೆಯಬೇಕೆಂದು ಎಲ್ಲೂ ಅಚ್ಚಾಗಿರಲಿಲ್ಲ. ಆದರೆ ಬಲ್ಲವರಿಗೆ ಗೊತ್ತಿತ್ತು. ಬರೆಯುವ ಮುಂಚೆ ಹಣ್ಣು ಹಿಡಿದು ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು ಕಾಫಿ ಕುಡಿದು, ತಾವು ಯಾರ ಪೈಕಿ ಎಂದು ಹೇಳಿ ಬರುವುದು ವಾಡಿಕೆ.

ಆ ವರ್ಷ ಭದ್ರಾವತಿಯ ಲಾರಿ ಮೆಕ್ಯಾನಿಕ್ ಲತೀಫರ ಮಗಳು ಜಹಾನಾರಾ ಅರ್ಜಿ ಹಾಕಿದ್ದಳು. ಕೆಮಿಸ್ಟ್ರಿಯಲ್ಲಿ ಎಂಬತ್ತೆಂಟು. ಉಳಿದವರು ಯಾರೂ ಹತ್ತಿರಕ್ಕೂ ಬಂದಿರಲಿಲ್ಲ. ಗಣ್ಯರ ಕಲಮಿನಲ್ಲಿ ಮಾತ್ರ ಹುಡುಗಿ ಹೀಗೆ ಬರೆದಿದ್ದಳು: 'ಹಫೀಜಾ, ನನ್ನ ತಾಯಿ. ಬಂಗಾರಮ್ಮ, ನಮ್ಮ ಬೀದಿಯ ಸೂಲಗಿತ್ತಿ.' ನಿಜವಾಗಿ ಬಲ್ಲವರನ್ನೇ ಬರೆದಿದ್ದಳು, ಪಾಪ.

ಕಮಿಟಿ ಕೂತಾಗ ಅದನ್ನು ಓದಿ ಎಲ್ಲರೂ ನಕ್ಕರು. ಕುಹಕದ ನಗೆಯೇನಲ್ಲ. ಷಡಕ್ಷರಪ್ಪನವರಂತೂ ಹಾಸ್ಟೆಲ್ ಹುಡುಗರಿಗೆ ಜ್ವರ ಬಂದರೆ ತಾವೇ ಗಂಜಿ ಕೊಂಡೊಯ್ಯುತ್ತಿದ್ದ ಮನುಷ್ಯ. ಅವರು ಅರ್ಜಿಯನ್ನು ಪಕ್ಕಕ್ಕಿಟ್ಟರು.

"ಓದೋ ಹುಡುಗೀನೇ ಇರಬಹುದು. ಆದ್ರೆ ಗುರುತು ಪರಿಚಯ ಇಲ್ಲದೋರಿಗೆ ಹೆಂಗೆ ಕೊಡೋದು ಮಾರಾಯ?"

ಮುಂದಿನ ಅರ್ಜಿ ಅವರ ತಂಗಿ ಮಹಾಂತಮ್ಮನ ಮಗನದು. ಹುಡುಗ ಎರಡನೆಯ ದರ್ಜೆ. ಆದರೆ ಅವನ ತಾತ ಮುತ್ತಾತರೆಲ್ಲ ಅಲ್ಲಿದ್ದವರಿಗೆ ಗೊತ್ತು.

ನನ್ನ ಕೆಲಸ ನಡಾವಳಿ ಬರೆಯುವುದು, ಬಾಯಿ ತೆರೆಯುವುದಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನನಗೂ ಗೊತ್ತು. ಆದರೆ ಸುಮ್ಮನಿದ್ದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ನಡಾವಳಿ ಪುಸ್ತಕದಿಂದ ತಲೆಯೆತ್ತಿದೆ.

"ಆ ಹುಡುಗಿ ನಂಗೆ ಗೊತ್ತು ಯಜಮಾನ್ರೇ. ಲತೀಫರ ಮನೆತನಾನೂ ಗೊತ್ತು."

ಸುಳ್ಳು. ಅವಳ ಮುಖವನ್ನೂ ನಾನು ನೋಡಿರಲಿಲ್ಲ.

ಷಡಕ್ಷರಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ.

"ಮೊದ್ಲೇ ಹೇಳಬಾರದಾ ಗಂಗಾಧರಪ್ಪ? ನಿಂಗೆ ಗೊತ್ತು ಅಂದ್ಮೇಲೆ ಮುಗೀತಲ್ಲ."

ತಂಗಿಯ ಮಗನನ್ನು ತಾವೇ ಓದಿಸಿದರಾಯಿತು ಎಂದು ಜಹಾನಾರಾಳ ಅರ್ಜಿಗೆ ಸಹಿ ಹಾಕಿದರು. ಅಂಕಪಟ್ಟಿಯನ್ನು ಆಗಲೂ ಯಾರೂ ತಿರುವಿ ನೋಡಲಿಲ್ಲ.

ವಾರದ ಮೇಲೆ ಅಪ್ಪ ಮಗಳು ಬಂದರು. ಲತೀಫರು ಕೈ ಜೋಡಿಸಿ, ಯಾರಿಗೆ ಉಪಕಾರ ಹೇಳಬೇಕು ಎಂದು ಕೇಳಿದರು. ನಿಜ ನಾಲಿಗೆಯ ತುದಿಗೆ ಬಂದಿತ್ತು, ಹುಡುಗಿಯ ಮುಖ ನೋಡಿ ನುಂಗಿಕೊಂಡೆ. ಅಂಕ ನೋಡಿಯೇ ಕೊಟ್ಟದ್ದು, ಕೆಮಿಸ್ಟ್ರಿ ಎಲ್ಲರಿಗೂ ಹಿಡಿಸಿತು ಎಂದೆ.

ಜಹಾನಾರಾ ಅಪ್ಪನತ್ತ ತಿರುಗಿದಳು.

"ನಾನ್ ಹೇಳ್ಲಿಲ್ವಾ ಅಬ್ಬಾ? ಯಾರ ಮನೆ ಬಾಗಿಲಿಗೂ ಹೋಗೋದು ಬೇಡ, ಓದಿದ್ರೆ ಸಾಕು ಅಂತ. ಮುಂದಿನ ವರ್ಷ ತಂಗೀನೂ ಅರ್ಜಿ ಹಾಕ್ತಾಳೆ ಸಾರ್. ಅವಳೂ ಅಮ್ಮಿ ಹೆಸರನ್ನೇ ಬರೀತಾಳೆ."

ಬರೀಲಿ ಕಣಮ್ಮಾ ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದಿತ್ತು.